ಅವರೆ ಸಾಲಿನ ಆಚೆ ಈಚೆ

"ಏಯ್! ಅಲ್ಲೇ ನಿಂತ್ಕೊಳ್ಳಿ! ಒಂದ್ ಹೆಜ್ಜೆನೂ ಮುಂದಿಡ್ಬೇಡಿ!"

ಹಿಂದಿನಿಂದ ಬಂದ ಕೂಗಿಗೆ ಸುಕೃತಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕುಡುಗೋಲು ಹಾಗೇ ಗಾಳಿಯಲ್ಲಿ ನಿಂತಿತು. ಎದೆಯೆತ್ತರ ಬೆಳೆದ ಕಾಂಗ್ರೆಸ್ ಗಿಡಗಳ ನಡುವೆ ಕೂಗಿದವರು ಯಾರೆಂದು ಕಾಣಲಿಲ್ಲ. ತಿರುಗಿ ನೋಡಬೇಕು ಎನ್ನುವಷ್ಟರಲ್ಲಿ ಒಂದು ಒರಟು ಕೈ ಅವಳ ತೋಳು ಹಿಡಿದು ಹಿಂದಕ್ಕೆ ಎಳೆಯಿತು.

"ಕೈ ಬಿಡ್ರೀ! ಯಾರು ನೀವು?"

ಆ ಮನುಷ್ಯ ಬಗ್ಗಿ ಒಂದು ಕಲ್ಲು ಎತ್ತಿಕೊಂಡ. ಅವಳು ಕಾಲಿಡಬೇಕಿದ್ದ ಜಾಗಕ್ಕೇ ಎಸೆದ. ಗಿಡಗಳು ಸರಸರ ಎಂದವು. ಆಮೇಲೆ ಸದ್ದಿಲ್ಲ... ಸದ್ದಿಲ್ಲ... ಎಷ್ಟೋ ಹೊತ್ತಾದ ಮೇಲೆ ಆಳದಲ್ಲೆಲ್ಲೋ 'ಧಡ್' ಎಂದಿತು.

ಸುಕೃತಿ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಳು.

"ನಮ್ಮ ತಾತ ತೋಡ್ಸಿದ್ ಬಾವಿ ಮೇಡಂ. ಮೇಲೆ ಚಪ್ಪಡಿ ಹಾಕಿದ್ವಿ, ಯಾರೋ ಪುಣ್ಯಾತ್ಮರು ಎತ್ಕೊಂಡು ಹೋಗವ್ರೆ. ನಾನು ಬೇಲಿ ಕಟ್ಬೇಕಿತ್ತು... ತಪ್ಪು ನಂದೇ." ಅಷ್ಟು ಹೇಳಿ ಅವನು ಅವಳ ತೋಳು ಬಿಟ್ಟ. "ಮುಟ್ಟಿದ್ದಕ್ಕೆ ಏನೂ ಅಂದ್ಕೋಬೇಡಿ."

ಅವಳು ಏನೂ ಅಂದುಕೊಳ್ಳಲಿಲ್ಲ. ಆದರೆ ಗಂಡ ತೀರಿಕೊಂಡ ಮೂರು ವರ್ಷದಲ್ಲಿ ಎಷ್ಟೋ ಸಲ, ಬಾವಿ ಕೆರೆ ಕಂಡಾಗ ಮನಸ್ಸು ಎಲ್ಲಿಗೋ ಹೋಗುತ್ತಿತ್ತಲ್ಲ... ಇವತ್ತು ಮಾತ್ರ ಎದೆ ಹೆದರಿ ಬಡಿದುಕೊಳ್ಳುತ್ತಿತ್ತು!

'ಅಂದರೆ ನನಗೆ ಇನ್ನೂ ಬದುಕುವ ಆಸೆ ಇದೆಯೇ?'

ಆ ಪ್ರಶ್ನೆಗೆ ಅವಳೇ ನಾಚಿದಳು. ಬಾವಿಯಿಂದ ಹಿಂದಕ್ಕೆ ಎಳೆದವನ ಹೆಸರು ಶಿವಶಂಕರ್ ಎಂದು ಆಮೇಲೆ ಗೊತ್ತಾಯಿತು. ಆ ನೆಲ ಅವನದೇ.

ಚಿಕ್ಕಬಾಣಾವರದ ರೈಲು ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆ. ಸುತ್ತ ಮೂರಂತಸ್ತಿನ ಬಾಡಿಗೆ ಮನೆಗಳು, ನಡುವೆ ಅರ್ಧ ಎಕರೆ ಬಯಲು. ಒಂದು ಕಾಲಕ್ಕೆ ಕಣ್ಣು ಹಾಯುವಷ್ಟು ದೂರ ಅವನ ಮನೆಯವರದೇ ರಾಗಿ ಹೊಲ. ಹೊಲ ಹೋಗಿ ಲೇಔಟ್ ಬಂತು. ಈ ಅರ್ಧ ಎಕರೆಯನ್ನು ಮಾತ್ರ ಶಿವಶಂಕರನ ತಾಯಿ ಅಂಜಿನಮ್ಮ ಮಾರಲು ಬಿಡಲಿಲ್ಲ. ಮಾರದೆ ಉಳಿದ ನೆಲಕ್ಕೆ ಜನ ರಾಶಿ ರಾಶಿ ಕಸ ತಂದು ಸುರಿದರು.

ಕೊನೆಗೆ ಹಿಂದಿನ ಬೀದಿಯ ಶೋಭಾರಾಣಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅವನ ಮೋಟಾರ್ ವೈಂಡಿಂಗ್ ಅಂಗಡಿಗೇ ಹೋದಳಂತೆ.

"ಕಸ ಎತ್ತೋರು ನಾವು, ಬೆಳೆಯೋರು ನಾವು, ತಿನ್ನೋರು ಎಲ್ರೂ. ನೀವು ಹೂಂ ಅನ್ನಿ ಸಾಕು!"

ಅವನು ಹೂಂ ಅಂದ. ಹಾಗೆ ಹುಟ್ಟಿತು ಭಾನುವಾರದ ತೋಟ. ಸಂಬಳವಿಲ್ಲ, ಚಂದಾ ಇಲ್ಲ. ಭಾನುವಾರ ಬೆಳಗ್ಗೆ ಯಾರು ಬಂದರೆ ಅವರು ಕೈ ಹಾಕುವುದು, ಬೆಳೆದದ್ದನ್ನು ಹಂಚಿಕೊಳ್ಳುವುದು, ಮಿಕ್ಕಿದ್ದು ಅಂಗನವಾಡಿಗೆ.

ಸುಕೃತಿಯನ್ನು ಅಲ್ಲಿಗೆ ಕರೆದುಕೊಂಡು ಬಂದವರು ಅವಳ ಮಾವ ರಾಮಪ್ರಸಾದರು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಲೇತ್ ಮಿಶನ್ ನಡೆಸಿ ನಿವೃತ್ತರಾದವರು. ಒಬ್ಬನೇ ಮಗ ಹೃದಯಾಘಾತದಲ್ಲಿ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಈ ಇಬ್ಬರೇ. ಅವಳಿಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ತಯಾರಾದ ಬೋಲ್ಟುಗಳನ್ನು ಅಳೆದು, ಸರಿಯಿಲ್ಲದ್ದನ್ನು ಬೇರೆ ತೆಗೆದು ಇಡುವುದು.

ಬೇರೆ ತೆಗೆದು ಇಡುವುದು ಎಂದರೇನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಂಡ ಹೋಗಿ ವರ್ಷ ತುಂಬುವುದರೊಳಗೆ ನೆಂಟರ ಮನೆಯಲ್ಲಿ ಮದುವೆ. ಆರತಿಯ ಹೊತ್ತಿಗೆ ಚಿಕ್ಕತ್ತೆ ಹತ್ತಿರ ಬಂದು, "ಸುಕೃತಿ, ಸ್ವಲ್ಪ ಆ ಕಡೆ ನಿಲ್ಲಮ್ಮ" ಎಂದಿದ್ದರು. ಗದರಿ ಹೇಳಿದ್ದರೆ ಎದುರಾಡಬಹುದಿತ್ತು. ಮೆತ್ತಗೆ ಹೇಳಿದ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಅಂದಿನಿಂದ ಅವಳು ಯಾವ ಶುಭಕ್ಕೂ ಹೋಗಲಿಲ್ಲ.

'ದೇವರೇ, ಈ ಒಂದು ಜಾಗದಲ್ಲಾದರೂ ಯಾರೂ ನನ್ನನ್ನು ಆ ಕಡೆ ನಿಲ್ಲು ಅನ್ನದಿರಲಿ...'

ತೋಟಕ್ಕೆ ಬಂದ ಮೊದಲ ದಿನ ಅವಳು ಬೇಡಿಕೊಂಡದ್ದು ಇಷ್ಟೇ.

ರಾಮಪ್ರಸಾದರೂ ಶಿವಶಂಕರನೂ ಸೇರಿ ಬಾವಿಗೆ ಕಬ್ಬಿಣದ ಜಾಲರಿ ಕೂರಿಸಿದರು. ಯುಗಾದಿಯ ದಿನ ಮೊದಲ ಗುದ್ದಲಿ ಬಿತ್ತು. ನೆಲ ಅಗೆದಷ್ಟೂ ಪ್ಲಾಸ್ಟಿಕ್ಕು, ಗಾಜಿನ ಚೂರು, ಕಿತ್ತುಹೋದ ಚಪ್ಪಲಿ. ಬಿಸಿಲು ಏರುವ ಹೊತ್ತಿಗೆ ಅರ್ಧ ಜನ ಜಾಗ ಖಾಲಿ ಮಾಡುತ್ತಿದ್ದರು. ಸುಕೃತಿ ಮಾತ್ರ ಏಳುತ್ತಿರಲಿಲ್ಲ.

ಬದನೆ ಸಸಿ ನೆಡುವ ದಿನ ಅವಳು ಸ್ಟೀಲ್ ಸ್ಕೇಲ್ ತಂದು, ಗಿಡದಿಂದ ಗಿಡಕ್ಕೆ ಅಳೆದು ಗುರುತು ಹಾಕತೊಡಗಿದಳು. ಶಿವಶಂಕರ್ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಮೇಡಂ, ನೆಡ್ತಿರೋದು ಬದನೆಗಿಡನೋ, ಬೋಲ್ಟೋ?"

"ಅಳತೆ ತಪ್ಪಿದ್ರೆ ರಿಜೆಕ್ಟ್ ಮಾಡ್ತೀನಿ, ಹುಷಾರು!"

ಹೇಳಿದವಳೇ ನಕ್ಕುಬಿಟ್ಟಳು. ಅತ್ತ ಕುಂಟೆಯ ಹಿಡಿ ಸರಿಮಾಡುತ್ತಿದ್ದ ರಾಮಪ್ರಸಾದರು ಸಟ್ಟನೆ ಮುಖ ತಿರುಗಿಸಿಕೊಂಡರು. ಸೊಸೆಯ ನಗು ಕೇಳಿ ಮೂರು ವರ್ಷವಾಗಿತ್ತು. ಅವರ ಕಣ್ಣು ತುಂಬಿದ್ದನ್ನು ಯಾರೂ ನೋಡಲಿಲ್ಲ.

ಶೋಭಾರಾಣಿಯ ಕಣ್ಣು ಮಾತ್ರ ಬೇರೆ ಕಡೆ ಇತ್ತು.

"ಓನರ್ ಸಾಹೇಬ್ರೇ, ನಮ್ ಸಾಲಿನ ಕಡೆಗೂ ಒಂಚೂರು ಬನ್ನಿ! ಹುಳ ಬಿದ್ದಿರೋದು ಅದೊಂದೇ ಸಾಲಿಗಾ?"

ಶಿವಶಂಕರ್ ಕಿವಿಯವರೆಗೂ ಕೆಂಪಾಗಿ ನೀರಿನ ಪೈಪು ಎಳೆದುಕೊಂಡು ದೂರ ಹೋದ.

ಅವನಿಗೆ ನಲವತ್ತೊಂದು. ಮದುವೆಯಾಗಿರಲಿಲ್ಲ. ಒಮ್ಮೆ ದಂಟಿನ ಸೊಪ್ಪು ಕಟ್ಟು ಕಟ್ಟುತ್ತಾ ಯಾಕೆಂದು ಸುಕೃತಿಯೇ ಕೇಳಿದಳು. ಅವನು ಬಾಳೆನಾರು ಬಿಗಿಯುತ್ತಾ ನಿಧಾನಕ್ಕೆ ಹೇಳಿದ. "ಅಪ್ಪ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ರು. ಅವರ ಮಗ್ಗಲು ಬದಲಾಯಿಸ್ತಾ ಬದಲಾಯಿಸ್ತಾ ನನ್ ವಯಸ್ಸು ಕಳ್ದೋಯ್ತು ಮೇಡಂ."

ಅವಳು ತನ್ನ ಪಾಲಿನ ಸೊಪ್ಪಿನಲ್ಲಿ ಒಂದು ಕಟ್ಟು ತೆಗೆದು ಅವನ ಚೀಲಕ್ಕೆ ಹಾಕಿದಳು. ಕೆಲವು ಸಮಾಧಾನ ಹಾಗೆಯೇ ಹೇಳಬೇಕಾಗುತ್ತದೆ.

ಮಳೆ ಹಿಡಿಯುವ ಹೊತ್ತಿಗೆ ಶನಿವಾರ ಸಂಜೆಯಿಂದಲೇ ಅವಳ ಮನಸ್ಸು ಭಾನುವಾರಕ್ಕೆ ಕಾಯತೊಡಗಿತ್ತು.

'ಇದು ತಪ್ಪಲ್ಲವೇ? ಮಾವನಿಗೆ ಗೊತ್ತಾದರೆ? ಗಂಡನನ್ನು ಮರೆತೆ ಎಂದುಕೊಂಡರೆ?' ಅನ್ನದ ತಟ್ಟೆಯ ಮುಂದೆ ಕೂತು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಭಾನುವಾರ ಬಂದರೆ ಕಾಲು ತಾನಾಗಿ ತೋಟದ ಹಾದಿ ಹಿಡಿಯುತ್ತಿತ್ತು.

ಆಷಾಢ ಕಳೆಯಿತು. ಅರ್ಧ ಭಾಗಕ್ಕೆ ರಾಗಿ ಹಾಕುವುದೆಂದು ತೀರ್ಮಾನವಾಯಿತು. ರಾಗಿ ನಡುವೆ ಅವರೆಯ ಅಕ್ಕಡಿ ಸಾಲು ಇರಲೇಬೇಕೆಂದು ಅಂಜಿನಮ್ಮನ ಹಟ. ಆ ದಿನ ಎಪ್ಪತ್ತೆರಡರ ಮುದುಕಿ ಕೋಲೂರಿಕೊಂಡು ತಾನೇ ಬಂದಳು. ಕಂಕುಳಲ್ಲಿ ಬಿದಿರಿನ ಹಳೆಯ ಕುಕ್ಕೆ, ಅದರ ತುಂಬ ಅವರೆ ಬೀಜ.

ಟಿಲ್ಲರ್ ಓಡಿತು. ಸಾಲು ಬಿತ್ತು. ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಂತರು. ಅಂಜಿನಮ್ಮ ಎಲ್ಲರ ಮುಖ ನೋಡುತ್ತಾ ಬಂದು ಸುಕೃತಿಯ ಮುಂದೆ ನಿಂತಳು.

"ತಗಳವ್ವ. ನನ್ ಮಂಡಿ ಬಗ್ಗಾಕಿಲ್ಲ. ನೀನೇ ಆಕು."

"ನಾನಾ? ನಾನು... ಬೇಡ ಅಮ್ಮ, ಬೇರೆ ಯಾರಾದರೂ..."

"ತಗಾ ಅಂದ್ರೆ ತಗಾ!"

ಕುಕ್ಕೆ ಅವಳ ಕೈಗೆ ಬಂತು. ಶುಭಕ್ಕೆ ಅವಳನ್ನು ಯಾರೋ ಕರೆದಿದ್ದರು! ಎಲ್ಲರ ಎದುರಿಗೆ, ಮೊದಲ ಬೀಜಕ್ಕೆ! ಒಂದು ಹಿಡಿ ಬೀಜ ಎತ್ತಿಕೊಂಡಳು.

ಅಷ್ಟರಲ್ಲಿ ಟಿಲ್ಲರ್ ಅಲ್ಲೇ ಬಿಟ್ಟು ಶಿವಶಂಕರ್ ಓಡಿಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಅವ್ವಾ! ಏನ್ ಮಾಡ್ತಿದೀಯಾ? ಅವ್ರ ಕೈಗ್ಯಾಕೆ ಕೊಟ್ಟೆ ಇದನ್ನ?" ಎಂದವನೇ ಕುಕ್ಕೆಯನ್ನು ಕಿತ್ತುಕೊಂಡ. ಬೀಜ ನಾಲ್ಕು ಕಡೆ ಚೆಲ್ಲಿತು.

"ನೀವು... ನೀವು ಆ ಕಡೆ ಹೋಗಿ ಮೇಡಂ."

ಬದುವಿನ ಮೇಲಿದ್ದವರೆಲ್ಲ ಅವಳತ್ತ ತಿರುಗಿದರು.

ಆ ಕಡೆ!

ಅದೇ ಮಾತು. ಅವಳು ಮುಷ್ಟಿ ಬಿಚ್ಚಿದಳು. ಉಳಿದ ಬೀಜಗಳನ್ನು ಒಂದೊಂದಾಗಿ ಕುಕ್ಕೆಗೆ ಹಾಕಿದಳು. ಸೆರಗು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ನಡೆದಳು. ಹಿಂದೆ ಶಿವಶಂಕರ್ ತಾನೇ ಬಗ್ಗಿ ಬಿತ್ತನೆ ಮಾಡುತ್ತಿದ್ದುದನ್ನು ಅವಳು ನೋಡಲಿಲ್ಲ.

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಶೋಭಾರಾಣಿ ಮನೆಗೇ ಬಂದಳು. "ಏನೇ ಇದು? ಅವನಿಗೊಂದು ಬಯ್ದು ಬಾ, ಮುಗೀತು. ಬಾಯಿಲ್ವಾ ನಿಂಗೆ?"

"ಕೆಲಸ ಜಾಸ್ತಿ ಕಣೇ," ಎಂದಳು ಸುಕೃತಿ.

ಆದರೆ ಗಿಡಗಳು ಏನು ಮಾಡಿದ್ದವು? ಬದನೆ ಹೂ ಬಿಡುವ ಕಾಲ. ಮೂರನೇ ವಾರ ತಡೆಯಲಾರದೆ ಅವಳು ಬುಧವಾರ ಬೆಳಗ್ಗೆ ಆರಕ್ಕೇ ಎದ್ದು ಹೋದಳು. ಯಾರೂ ಇರಲಿಲ್ಲ. ನೀರು ಹಾಕಿ, ಹಣ್ಣೆಲೆ ಕಿತ್ತು, ಏಳೂವರೆಯ ಬಸ್ಸು ಹಿಡಿದಳು. ಆಮೇಲೆ ಅದೇ ರೂಢಿಯಾಯಿತು. ಅವಳು ಬೆಳಗ್ಗೆ, ಅವನು ಸಂಜೆ. ಎದುರಾಗದ ಹಾಗೆ ಇಬ್ಬರೂ ಒಂದೇ ತೋಟವನ್ನು ನೋಡಿಕೊಂಡರು.

ಅವಳು ಕಳೆ ಕಿತ್ತ ಸಾಲಿಗೆ ಮರುದಿನ ಗೊಬ್ಬರ ಬಿದ್ದಿರುತ್ತಿತ್ತು. ಬಾಗಿದ ಗಿಡವನ್ನು ಅವಳು ನೋಡಿ ಹೋದರೆ ನಾಳೆಗೆ ಊರುಗೋಲು ಕಟ್ಟಿರುತ್ತಿತ್ತು. ಕಟ್ಟಿದವನು ಯಾರೆಂದು ಗಂಟು ನೋಡಿಯೇ ಅವಳಿಗೆ ತಿಳಿಯುತ್ತಿತ್ತು. ಒಂದು ದಿನ ಡ್ರಮ್ಮಿನ ತುಂಬ ನೀರು, ಪಕ್ಕದಲ್ಲಿ ತೊಳೆದಿಟ್ಟ ಮಗ್ಗು.

'ನನಗಾಗಿ ತುಂಬಿಟ್ಟಿದ್ದಾನೆ...' ಎದೆ ಒಂದು ಕ್ಷಣ ಕರಗಿತು. ಮರುಕ್ಷಣವೇ ಹೆಪ್ಪುಗಟ್ಟಿತು. 'ಬೀಜ ಮುಟ್ಟಬಾರದವಳು ನೀರು ಹಾಕಬಹುದೇನೋ!'

ಡ್ರಮ್ಮನ್ನು ಮುಟ್ಟದೆ, ಬೀದಿ ಕೊನೆಯ ನಲ್ಲಿಯಿಂದ ಕೊಡ ಹೊತ್ತು ತಂದು ಹುಯ್ದಳು. ಹನ್ನೆರಡು ಕೊಡ. ಆ ದಿನ ಕಾರ್ಖಾನೆಯಲ್ಲಿ ಬೋಲ್ಟು ಹಿಡಿಯಲು ಕೈ ಎತ್ತಲಾಗಲಿಲ್ಲ.

ನೀರು ಹಾಗೇ ಉಳಿದಿದ್ದನ್ನು ಸಂಜೆ ಅವನು ನೋಡಿದ. ಮರುದಿನವೂ ತುಂಬಿಟ್ಟ. ಅದರ ಮರುದಿನವೂ.

ದಸರಾ ಬಂತು, ಹೋಯಿತು. ರಾಗಿ ತೆನೆ ಬಾಗಿತು. ಕೊಯ್ಲಿನ ದಿನ ಎಲ್ಲರೂ ಹೋದರು, ಅವಳು ಹೋಗಲಿಲ್ಲ. ಮಾರ್ಗಶಿರದ ಚಳಿಯಲ್ಲಿ ಅವರೆ ಹೂ ಬಿಟ್ಟಿತು, ಕಾಯಿ ಕಟ್ಟಿತು. ಇಬ್ಬನಿ ಬಿದ್ದು ಸೊಗಡು ಏರಿದ ಹೊತ್ತಿಗೆ, ಒಂದು ಭಾನುವಾರ ಬೆಳಗ್ಗೆ, ಅಂಜಿನಮ್ಮ ಕೋಲೂರಿಕೊಂಡು ಸುಕೃತಿಯ ಮನೆ ಬಾಗಿಲಿಗೆ ಬಂದಳು. ಸೆರಗಿನ ಗಂಟಿನಲ್ಲಿ ಅವರೆಕಾಯಿ, ಜೊತೆಗೊಂದು ಪಾತ್ರೆಯಲ್ಲಿ ರಾತ್ರಿಯೇ ನೆನೆಸಿದ ಕಾಳು.

"ಬಾಗ್ಲಲ್ಲೇ ನಿಲ್ಸೀಯಾ, ಇಲ್ಲ ಒಳಕ್ಕೆ ಕರ್ದೀಯಾ?"

ಒಳಗೆ ಕರೆಯದೆ ಇರಲು ಆದೀತೇ? ಇಬ್ಬರೂ ನಡುಮನೆಯಲ್ಲಿ ಕೂತು ಕಾಳು ಹಿತುಕತೊಡಗಿದರು. ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು, ಬೇಳೆ ಚಿಮ್ಮಿ ಪಾತ್ರೆಗೆ ಬೀಳುವುದು. ಬಹಳ ಹೊತ್ತು ಅದೊಂದೇ ಸದ್ದು.

"ತಪ್ಪಾಯ್ತು ಕಣವ್ವ," ಎಂದಳು ಅಂಜಿನಮ್ಮ, ತಲೆ ಎತ್ತದೆ. "ನಿನ್ನ ಒಂದ್ ಮಾತ್ ಕೇಳ್ದೆ ಕುಕ್ಕೆ ಕೊಟ್ಬುಟ್ಟೆ. ನಿಂಗೆ ಅವಮಾನ ಆಗದೆ ಇದ್ದೀತಾ? ಅದಕ್ಕೇ ನೀನು ತೋಟ ಬುಟ್ಟೆ ಅಂತ ನನ್ ಮಗ ನನ್ಕೂಡೆ ಒಂದ್ ತಿಂಗ್ಳು ಮಾತೇ ಆಡ್ಲಿಲ್ಲ."

ಸುಕೃತಿಯ ಕೈ ನಿಂತಿತು. "ಕೊಟ್ಟಿದ್ದಕ್ಕೆ ನನಗ್ಯಾಕೆ ಅವಮಾನ? ಕಿತ್ಕೊಂಡಿದ್ದಕ್ಕೆ ಆಗಿದ್ದು!"

"ಆಂ?"

"ನಾನು ಗಂಡ ಇಲ್ಲದವಳು ಅಂತ ತಾನೇ ಅವರು..."

"ಅಯ್ ಬುಡ್ತು ಅನ್ನು!" ಮುದುಕಿ ಹಣೆ ಬಡಿದುಕೊಂಡಳು. "ನಾನೇನು ಮುತ್ತೈದೆನಾ? ನನ್ ಗಂಡ ಓಗಿ ಒಂಬತ್ತು ವರ್ಸ ಆಯ್ತು. ಆಮ್ಯಾಕೂ ಬೇಸಾಯ ಇರಾಗಂಟ ನಾನೇ ಬಿತ್ತಿದ್ದು, ಅದೇ ಕುಕ್ಕೇಲಿ. ಬೂಮ್ತಾಯಿ ಯಾವತ್ತಾನಾ ಕುಂಕುಮ ಎಲ್ಲಿ ಅಂತ ಕೇಳವ್ಳಾ?"

ಸುಕೃತಿ ದಂಗಾದಳು. ಹೌದಲ್ಲ! ಬೋಳು ಹಣೆಯ ಈ ತಾಯಿಯ ಕೈಯಿಂದಲೇ ತಾನು ಕುಕ್ಕೆ ಇಸಿದುಕೊಂಡದ್ದು. ತನ್ನ ನೋವಿನ ಗುಂಗಿನಲ್ಲಿ ಎದುರಿಗಿದ್ದ ಹಣೆಯನ್ನೇ ನೋಡಿರಲಿಲ್ಲ!

"ಮತ್ತೆ... ಯಾಕೆ ಕಿತ್ಕೊಂಡ್ರು?"

ಅಂಜಿನಮ್ಮ ಕೈ ಒರೆಸಿಕೊಂಡಳು. ಧ್ವನಿ ತಗ್ಗಿಸಿದಳು. "ನಮ್ ಮನೇಲಿ ಆ ಕುಕ್ಕೆ ಅತ್ತೆ ಕೈಯಿಂದ ಸೊಸೆ ಕೈಗೇ ಓಗಾದು. ಬ್ಯಾರೆ ಯಾರ್ ಕೈಗೂ ಕೊಡಾಕಿಲ್ಲ. ನಂಗೆ ನನ್ನತ್ತೆ ಕೊಟ್ಟಿದ್ದು. ಅವ್ನು ಬಾಯ್ ಬುಡಾಕಿಲ್ಲ, ನಿಂಗೂ ಬಾಯಿಲ್ಲ. ನಾನೇ ಒಂದ್ ದಾರಿ ಮಾಡಾನಾ ಅಂತ ಬೇಕಂತ್ಲೇ ಕೊಟ್ಟೆ. ಊರೋರೆಲ್ಲ ಇದ್ರು, ನಮ್ಮೋರ್ಗೆಲ್ಲ ಅದರರ್ಥ ಗೊತ್ತು. ಅವ್ನು ಮನೇಗ್ ಬಂದು ಏನಂದ ಗೊತ್ತಾ? 'ಅವ್ರನ್ನ ಕೇಳ್ದೆ ಸೊಸೆ ಮಾಡ್ಕಳಾಕೆ ಅವ್ರೇನು ಸಂತೆ ಸಾಮಾನಾ ಅವ್ವ?' ಅಂತ ಅತ್ತ ಕಣವ್ವ. ಅಪ್ಪ ಸತ್ತಾಗ್ಲೂ ಅಂಗೆ ಅತ್ತಿರ್ಲಿಲ್ಲ."

ಐದು ತಿಂಗಳು... ಮುಟ್ಟದೆ ಬಿಟ್ಟ ಆ ಡ್ರಮ್ಮಿನ ನೀರು ಸುಕೃತಿಯ ಕಣ್ಣ ಮುಂದೆ ಬಂತು.

ಒಳಕೋಣೆಯ ಬಾಗಿಲಲ್ಲಿ ರಾಮಪ್ರಸಾದರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಮಾವ..." ಅವಳು ಗಾಬರಿಯಿಂದ ಎದ್ದಳು.

"ಕೂತ್ಕೋ ಮಗು. ಅವತ್ತು ಆ ಮದುವೆ ಮನೇಲಿ ನಾನು ನಿನ್ನ ಪಕ್ಕದಲ್ಲೇ ಇದ್ದೆ. ಅವರು ಅಂದಿದ್ದು ನನಗೂ ಕೇಳಿಸ್ತು. ಲೇತ್ ಪಕ್ಕ ನಿಂತು ಕಿವಿ ಮಂದ ಆಗಿದೆ ಅಂತ ನನಗೆ ನಾನೇ ನೆವ ಹೇಳ್ಕೊಂಡು ಸುಮ್ನಾಗ್ಬಿಟ್ಟೆ." ಅವರು ಹೊಸ್ತಿಲು ದಾಟಿ ಬಂದರು. "ಇವತ್ತು ಸುಮ್ನಿರಲ್ಲ. ಮನಸ್ಸಿದ್ರೆ ಹೋಗಿ ಹೂಂ ಅನ್ನು. ಇಲ್ದಿದ್ರೆ ಮುಖ ನೋಡಿ ಇಲ್ಲ ಅನ್ನು. ಒಬ್ಬ ಮನುಷ್ಯನ್ನ ಇಷ್ಟು ದಿನ ಹೀಗೆ ನಿಲ್ಲಿಸ್ಬಾರದು."

"ನಿಮ್ಮನ್ನ ಬಿಟ್ಟು ನಾನು ಎಲ್ಲಿಗೆ..."

"ಬಿಟ್ಟು ಹೋಗು ಅಂದೋರು ಯಾರು? ನಾನೂ ಬರ್ತೀನಿ. ಈ ವಯಸ್ಸಲ್ಲಿ ಮುದ್ದೆ ನುಂಗೋದು ಕಲಿಬೇಕಲ್ಲ, ಅದೊಂದೇ ಭಯ."

"ನಾನ್ ಕಲುಸ್ತೀನಿ ಬುಡಿ ಸ್ವಾಮಿ," ಎಂದಳು ಅಂಜಿನಮ್ಮ, ಕಣ್ಣೊರೆಸಿಕೊಳ್ಳುತ್ತಾ.

ಸುಕೃತಿಗೆ ಚಪ್ಪಲಿ ಮೆಟ್ಟಿದ್ದೂ ಗೊತ್ತಾಗಲಿಲ್ಲ.

ತೋಟದಲ್ಲಿ ಆಗತಾನೆ ಬಿಸಿಲು ಏರುತ್ತಿತ್ತು. ಶೋಭಾರಾಣಿ ಅವಳನ್ನು ಕಂಡು ಬಾಯಿ ತೆರೆದವಳು, ಮುಖ ನೋಡಿ ಮುಚ್ಚಿಕೊಂಡಳು. "ಬನ್ರೋ ಎಲ್ರೂ, ಆ ಕಡೆ ಟೊಮೇಟೊ ಬಿಡಿಸೋದಿದೆ!" ಎಂದು ಎಲ್ಲರನ್ನೂ ಹೊರಡಿಸಿಕೊಂಡು ಹೋದಳು. ಟೊಮೇಟೊ ಆಗಲೇ ಬಿಡಿಸಿ ಆಗಿತ್ತು.

ಅವರೆ ಬಳ್ಳಿಯ ಸಾಲಿನ ಆಚೆ ಶಿವಶಂಕರ್ ಕಾಯಿ ಕೀಳುತ್ತಿದ್ದ. ಈಚೆ ಅವಳು ನಿಂತಳು. ನಡುವೆ ಎಲೆಗಳ ಮರೆ.

"ಆ ಕುಕ್ಕೆ ಅರ್ಥ ನಂಗೆ ಗೊತ್ತಿರ್ಲಿಲ್ಲ," ಎಂದಳು.

ಎಲೆಗಳ ಆಚೆ ಕೈ ನಿಂತಿತು.

"ಗೊತ್ತಿರ್ಲಿಲ್ವಾ?"

"ಇಲ್ಲ. ನಾನು ವಿಧವೆ ಅಂತ ಕಿತ್ಕೊಂಡ್ರಿ ಅಂದ್ಕೊಂಡೆ."

ಆಚೆಯಿಂದ ಬಂದ ಧ್ವನಿ ಒಡೆದಿತ್ತು. "ಅಯ್ಯೋ ದೇವ್ರೇ... ಐದು ತಿಂಗಳು ನನ್ನ ಬಗ್ಗೆ ಅಂಗೆ ಅಂದ್ಕೊಂಡು, ಆದ್ರೂ ದಿನಾ ಬಂದು ನೀರ್ ಹಾಕಿದ್ರಾ?"

"ಗಿಡ ಏನ್ ತಪ್ಪು ಮಾಡಿತ್ತು?" ಅವಳಿಗೂ ಅಳು ಒತ್ತರಿಸಿ ಬಂತು. "ಬಾಯಿ ಬಿಟ್ಟು ನನ್ನ ಕೇಳ್ಬಹುದಿತ್ತಲ್ಲ ನೀವು!"

"ಕೇಳಿದ್ರೆ ತೋಟಕ್ಕೆ ಬರೋದೇ ಬಿಟ್ಬಿಡ್ತೀರಿ ಅಂತ ಭಯ ಆಯ್ತು."

"ಕೇಳ್ದೇನೂ ಬಿಟ್ನಲ್ಲ!"

ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು. ಅವನು ಬಳ್ಳಿಯನ್ನು ಮೆಲ್ಲಗೆ ಸರಿಸಿದ. ಕಣ್ಣು ಕೆಂಪಾಗಿತ್ತು, ಗಡ್ಡದಲ್ಲಿ ನರೆ ಹೆಚ್ಚಾಗಿತ್ತು.

"ಈಗ ಕೇಳ್ತೀನಿ. ಓದಿದೋನಲ್ಲ ನಾನು, ಚೆಂದ ಮಾಡಿ ಹೇಳಕ್ಕೆ ಬರಲ್ಲ. ಉಳಿದಿರೋ ದಿನ ನಿಮ್ ಜೊತೆ ಕಳೀಬೇಕು ಅಂತ ಆಸೆ. ನೀವು ಇಲ್ಲ ಅಂದ್ರೂ ಈ ತೋಟ ನಿಮ್ದೇ. ಭಾನುವಾರ ನಾನು ಬರದೇ ಇರ್ತೀನಿ, ನೀವು ಬನ್ನಿ."

ಅವಳಿಗೆ ಹೇಳಲೇಬೇಕಾದ ಒಂದು ಮಾತು ಉಳಿದಿತ್ತು. ಅದನ್ನು ಹೇಳದೆ ಹೂಂ ಅಂದರೆ ಆ ಹೂಂ ಸುಳ್ಳಾಗುತ್ತಿತ್ತು.

"ನಮ್ಮನೇಲಿ ಅವರ ಫೋಟೋ ಇದೆ. ದಿನಾ ಒಂದು ಹೂ ಇಡ್ತೀನಿ. ನಾನು ಎಲ್ಲಿಗೆ ಬಂದ್ರೂ ಅದು ನನ್ ಜೊತೆ ಬರುತ್ತೆ. ಅವರನ್ನ ನಾನು ಮರೆಯಲ್ಲ... ಮರೆತವಳ ಹಾಗೆ ಇರೋದಕ್ಕೂ ಆಗಲ್ಲ."

ಶಿವಶಂಕರ್ ಮಣ್ಣಾದ ಕೈಯನ್ನು ಲುಂಗಿಗೆ ಒರೆಸಿಕೊಂಡ.

"ಮೊಳೆ ನಾನೇ ಹೊಡೀತೀನಿ," ಎಂದ. "ಯಾವ ಗೋಡೆ ಅಂತ ನೀವು ತೋರಿಸಿ, ಸಾಕು."

ಸುಕೃತಿ ಅವನನ್ನೇ ನೋಡಿದಳು. ಕೆನ್ನೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ.

"ಬೆಳಗಿನ ಬಿಸಿಲು ಬೀಳೋ ಗೋಡೆ," ಎಂದಳು.